ಬೈಕಿನ ಆರಾಮ ಗೊತ್ತಾಗೋದು ಮೂರನೇ ಗಂಟೆಗೆ

ಅಮೇರಿಕದಲ್ಲಿ ನಲವತ್ತೈದು ದಾಟಿದ ನಮ್ಮ ದೇಸಿ ಗಂಡಸರಲ್ಲಿ ಒಂದು ಪಂಗಡಕ್ಕೆ ಇದ್ದಕ್ಕಿದ್ದಂತೆ ಮೋಟಾರ್‌ಸೈಕಲ್ ಹುಚ್ಚು ಹಿಡಿಯುತ್ತೆ. ಮನೆ ಸಾಲ ಅರ್ಧ ತೀರಿರುತ್ತೆ, ಮಕ್ಕಳು ಕಾಲೇಜಿಗೆ ಹೋಗಿರ್ತಾರೆ, ಊರಲ್ಲಿ ಬಿಟ್ಟು ಬಂದ ಯೆಜ್ಡಿಯ ನೆನಪು ಕಾಡೋಕೆ ಶುರುವಾಗಿರುತ್ತೆ. ನ್ಯೂಜೆರ್ಸಿಯ ನಮ್ಮ ಗೆಳೆಯರೊಬ್ಬರು ಈಗ ಈ ಹಂತದಲ್ಲಿದ್ದಾರೆ. ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು ಸೊಂಟದ ಡಿಸ್ಕ್ ಒಂದನ್ನ ಜರುಗಿಸಿಕೊಂಡವರು. ಅವರ ಮನೆಯವರೂ ಹಿಂದೆ ಕೂತು ಬರ್ತೀನಿ ಅಂದಿದ್ದಾರೆ, ಆದ್ರೆ ಷರತ್ತು ಒಂದೇ: 'ವಾಪಸ್ ಬಂದು ಇಬ್ಬರೂ ಬೆನ್ನು ಹಿಡ್ಕೊಂಡು ನರಳೋದಾದ್ರೆ ಇದೇ ಮೊದಲು, ಇದೇ ಕೊನೆ.' ಅವರು ಕೇಳಿದ್ದು ಇಷ್ಟು: ಪವರ್ ಕ್ರೂಸರ್ ತಗೊಳ್ಳಲೋ, ಸ್ಪೋರ್ಟ್ ಟೂರರ್ ತಗೊಳ್ಳಲೋ? ಯಾವುದು ಆರಾಮ?

ಸ್ಪೋರ್ಟ್ ಟೂರರ್ ಅನ್ನೋದು ನನ್ನ ಉತ್ತರ. ಯಾಕೆ ಅಂತ ಹೇಳ್ತೀನಿ.

ಬೈಕಿನ ಗೀಳಿಲ್ಲದವರಿಗೆ ಎರಡು ಮಾತು. ಪವರ್ ಕ್ರೂಸರ್ ಅಂದ್ರೆ ಕ್ರೂಸರಿನ ತಗ್ಗು ಮೈಕಟ್ಟಿಗೆ ರಾಕ್ಷಸ ಎಂಜಿನ್ ಕೂರಿಸಿದ ಗಾಡಿ. 1985ರಲ್ಲಿ ಬಂದ ಯಮಾಹಾ ವಿ-ಮ್ಯಾಕ್ಸ್, 2011ರಲ್ಲಿ ಬಂದ ಡುಕಾಟಿ ಡಿಯಾವೆಲ್ ಈ ಜಾತಿಯವು. ಟ್ರಯಂಫ್ ರಾಕೆಟ್ 3ರ ಎಂಜಿನ್ 2458 ಸಿಸಿ, ಬೀದೀಲಿ ಓಡಾಡೋ ಎಷ್ಟೋ ಕಾರುಗಳ ಎಂಜಿನ್‌ಗಿಂತ ದೊಡ್ಡದು! ಸ್ಪೋರ್ಟ್ ಟೂರರ್ ಅಂದ್ರೆ ವೇಗವಾಗಿ, ದೂರ, ಸಾಮಾನು ಹೊತ್ಕೊಂಡು ಹೋಗೋಕೆ ಅಂತಲೇ ಮಾಡಿದ ಗಾಡಿ. ಹೋಂಡಾ ಎಸ್‌ಟಿ 1100, ಯಮಾಹಾ ಎಫ್‌ಜೆಆರ್ 1300, ಕವಾಸಾಕಿ ಕಾನ್ಕೂರ್ಸ್ 14, ಬಿಎಂಡಬ್ಲ್ಯು ಕೆ 1600 ಜಿಟಿ ಇತ್ಯಾದಿ.

ಶೋರೂಮಿನಲ್ಲಿ ಗೆಲ್ಲೋದು ಯಾವಾಗಲೂ ಕ್ರೂಸರೇ. ಸೀಟು ತಗ್ಗು, ಅಗಲ. ಐದಡಿ ಐದಿಂಚಿನ ನಮ್ಮಂಥವರಿಗೂ ಎರಡೂ ಪಾದ ನೆಲಕ್ಕೆ ಊರುತ್ತೆ. ಹಲವು ಕ್ರೂಸರ್‌ಗಳಲ್ಲಿ ಕಾಲು ಮುಂದಕ್ಕೆ ಚಾಚಿ ಕೂತ್ರೆ ಮಲೆನಾಡಿನ ಜಗಲಿಯ ಆರಾಮ ಕುರ್ಚಿಯಲ್ಲಿ ಒರಗಿದ ಹಾಗಿರುತ್ತೆ. ಆದ್ರೆ ಸ್ವಾಮಿ, ಆರಾಮ ಕುರ್ಚಿ ಆರಾಮ ಯಾಕಂದ್ರೆ ಅದು ನಿಂತಲ್ಲೇ ನಿಂತಿರುತ್ತೆ. ಅದನ್ನೇ ಎತ್ತಿನಗಾಡಿಗೆ ಕಟ್ಟಿ ಕೂತು ನೋಡಿ!

ಕಾಲು ಮುಂದಕ್ಕೆ ಹೋದ ತಕ್ಷಣ ಮೈಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತೆ. ಊರಲ್ಲಿ ಯೆಜ್ಡಿ ಓಡಿಸಿದವರಿಗೆ ಗೊತ್ತು, ಹಂಪ್ ಕಂಡ ತಕ್ಷಣ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿಂದ ಒಂದಿಂಚು ಏಳ್ತಿದ್ವಿ, ಪೆಟ್ಟನ್ನ ಮಂಡಿ ನುಂಗ್ತಿತ್ತು. ಕಾಲು ಮುಂದಿದ್ರೆ ಹಾಗೆ ಏಳೋಕೇ ಆಗಲ್ಲ. ಅದರ ಜೊತೆಗೆ, ಸೀಟು ತಗ್ಗಿಸಬೇಕು ಅಂದ್ರೆ ಹಿಂದಿನ ಶಾಕ್ ಅಬ್ಸಾರ್ಬರ್ ಆಡೋ ಜಾಗವೂ ಕಡಿಮೆಯಾಗುತ್ತೆ. ಅಂದ್ಮೇಲೆ ಹಳ್ಳದ ಪೆಟ್ಟು ನೇರ ಡಿಸ್ಕಿಗೆ.

ಆಮೇಲೆ ಗಾಳಿ. ವೇಗ ಎರಡರಷ್ಟಾದ್ರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತೆ. 35 ಮೈಲಿಯಲ್ಲಿ ಮುಖ ಸವರೋ ಗಾಳಿ 70ರಲ್ಲಿ ಎದೆ ಹಿಡಿದು ಹಿಂದಕ್ಕೆ ದಬ್ಬುತ್ತೆ. ವಿಂಡ್‌ಶೀಲ್ಡ್ ಇಲ್ಲದ ಗಾಡಿಯಲ್ಲಿ ಎದೆ ಸೆಟೆಸಿ ಕೂತವನು ಹಡಗಿನ ಪಟದ ಥರ. ಹಾರಿಹೋಗದೇ ಇರೋಕೆ ಹ್ಯಾಂಡಲ್ ಹಿಡಿದು ಜೋತುಬೀಳಬೇಕು, ಕುತ್ತಿಗೆ ಬಿಗಿ ಹಿಡೀಬೇಕು. ಮೊದಲ ಅರ್ಧ ಗಂಟೆ ಮಜಾ, ಮೂರನೇ ಗಂಟೆಗೆ ಕೂಲಿ ಕೆಲಸ.

ಸ್ಪೋರ್ಟ್ ಟೂರರಿನಲ್ಲಿ ಕಾಲು ಮೈಕೆಳಗೇ ಇರುತ್ತೆ, ಮೈ ಕೊಂಚ ಮುಂದಕ್ಕೆ ಬಾಗಿರುತ್ತೆ. ಭಾರವನ್ನ ಸೀಟು, ಕಾಲು, ಕೈ ಮೂರೂ ಹಂಚಿಕೊಳ್ಳುತ್ವೆ. ಎಷ್ಟೋ ಮಾಡೆಲ್‌ಗಳಲ್ಲಿ ಗುಂಡಿ ಒತ್ತಿದ್ರೆ ವಿಂಡ್‌ಶೀಲ್ಡ್ ಮೇಲೇಳುತ್ತೆ. ಎಫ್‌ಜೆಆರ್‌ನ ಟ್ಯಾಂಕಿಗೆ 25 ಲೀಟರ್ ಪೆಟ್ರೋಲ್ ಹಿಡಿದ್ರೆ ವಿ-ಮ್ಯಾಕ್ಸಿಗೆ ಹಿಡಿಯೋದು 15. ಅಂದ್ರೆ ಯಾವ ಗಾಡಿಯನ್ನ ಎಷ್ಟು ದೂರಕ್ಕೆ ಅಂತ ಮಾಡಿದ್ದಾರೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಇನ್ನು ಹಿಂದೆ ಕೂರೋರ ಮಾತು. ಪವರ್ ಕ್ರೂಸರಿನ ಹಿಂದಿನ ಸೀಟು ಸಾಮಾನ್ಯವಾಗಿ ಶಾಸ್ತ್ರಕ್ಕೆ ಇಟ್ಟಿದ್ದು. ಬೆನ್ನಿಗೆ ಒರಗು ಇರೋ ರಾಕೆಟ್ 3 ಜಿಟಿಯಂಥವು ಅಪವಾದ. ಓಡಿಸೋನಿಗೆ ಹ್ಯಾಂಡಲ್ ಆದ್ರೂ ಇದೆ, ಹಿಂದಿನವರಿಗೆ ಗಂಡನ ಜಾಕೆಟ್ಟೇ ಗತಿ. ಹಿಂದಿನ ಸೀಟಿನಲ್ಲಿ ಕೂರೋರಿಗೂ ಅರ್ಧ ವೋಟು ಕೊಡಬೇಕು ಅನ್ನೋದು ನನ್ನ ವಾದ. ಈ ವಯಸ್ಸಿನಲ್ಲಿ ಬೈಕ್ ಕೊಳ್ಳೋ ಹೊತ್ತಿಗೆ ಇಬ್ಬರೇ ಎಲ್ಲಾದ್ರೂ ಹೋಗೋಕೆ ಅಂತೂ ಇಂತೂ ಪುರುಸೊತ್ತು ಸಿಕ್ಕಿರುತ್ತೆ. ಅದನ್ನ ಅಂಗೈ ಅಗಲದ ಸೀಟಿಗೋಸ್ಕರ ಯಾಕೆ ಕಳ್ಕೋಬೇಕು?

'ನಾನು ಹೋಗೋದು ಬೆಟ್ಟದ ರಸ್ತೆಗೆ, ಅಲ್ಲಿ ನಿಧಾನವೇ ಚೆನ್ನ' ಅನ್ನೋರಿದ್ದಾರೆ. ಒಪ್ಪಿದೆ. ವರ್ಜೀನಿಯಾದ ಸ್ಕೈಲೈನ್ ಡ್ರೈವ್ 105 ಮೈಲಿ ಇದೆ, ವೇಗದ ಮಿತಿ 35. ಅಲ್ಲಿ ಕ್ರೂಸರಿನ ಮುಂದೆ ಬೇರೆ ಗಾಡಿ ಬೇಡ. ಆದ್ರೆ ಮಧ್ಯ ನ್ಯೂಜೆರ್ಸಿಯಿಂದ ಅಲ್ಲಿಗೆ ತಲುಪೋಕೆ 78, 81ನೇ ಇಂಟರ್‌ಸ್ಟೇಟ್ ಹಿಡಿದು, ಟ್ರಕ್ಕುಗಳ ಪಕ್ಕದಲ್ಲಿ ಸುಮಾರು ನಾಲ್ಕೂವರೆ ಗಂಟೆ ಹೋಗಬೇಕಲ್ಲ, ವಾಪಸ್ಸೂ ಬರಬೇಕಲ್ಲ! ಅಮೇರಿಕದಲ್ಲಿ ಚೆಂದದ ರಸ್ತೆಗೆ ಹೋಗೋ ದಾರಿ ಎಷ್ಟೋ ಸಲ ಚೆಂದ ಇರಲ್ಲ.

ಸ್ಪೋರ್ಟ್ ಟೂರರ್ ದೇವರೇನಲ್ಲ. ಎಫ್‌ಜೆಆರ್‌ನ ಸೀಟನ್ನ ಎಷ್ಟು ಇಳಿಸಿದ್ರೂ 805 ಮಿಲಿಮೀಟರ್ ಎತ್ತರ, ತೂಕ ಮುನ್ನೂರು ಕಿಲೋ ಹತ್ತಿರ. ಪಾರ್ಕಿಂಗ್ ಲಾಟಿನಲ್ಲಿ ತಿರುಗಿಸೋವಾಗ ಎದೆ ಡವಡವ. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಎಂಜಿನ್ ಶಾಖ ಕಾಲಿಗೆ ಬಡಿಯುತ್ತೆ. ಮಂಡಿ ನೋವಿರೋರಿಗೆ ಕಾಲು ಮಡಚಿ ಕೂರೋದು ಶಿಕ್ಷೆ. ವಿಂಡ್‌ಶೀಲ್ಡಿನ ಎತ್ತರ ನಿಮ್ಮ ಎತ್ತರಕ್ಕೆ ಹೊಂದದಿದ್ರೆ ಗಾಳಿ ಸುತ್ತಿ ಬಂದು ಹೆಲ್ಮೆಟ್ಟಿಗೇ ತಮಟೆ ಬಾರಿಸುತ್ತೆ.

ಹಾಗಾಗಿ ಭಾನುವಾರ ಮೂವತ್ತು ಮೈಲಿ ಹೋಗಿ ಕಾಫಿ ಕುಡಿದು ಬರೋರು ಧಾರಾಳವಾಗಿ ಪವರ್ ಕ್ರೂಸರ್ ತಗೊಳ್ಳಿ. ಗೇರ್ ಬದಲಿಸೋ ಗೋಜಿಲ್ಲದೆ ಹೊಟ್ಟೆಯೊಳಗಿಂದ ಎಳೆಯೋ ಆ ಎಂಜಿನ್ನಿನ ಸುಖ ಸುಳ್ಳಲ್ಲ. ತಗೊಳ್ಳೋದಾದ್ರೆ ಡಿಯಾವೆಲ್, ರಾಕೆಟ್ 3 ಆರ್ ಥರ ಕಾಲು ತೀರಾ ಮುಂದಕ್ಕೆ ಹೋಗದ್ದನ್ನ ನೋಡಿ. ಕ್ರೂಸರ್ ತಗೊಂಡು ಆಮೇಲೆ ವಿಂಡ್‌ಶೀಲ್ಡ್, ಬೇರೆ ಸೀಟು, ಒರಗು, ಬ್ಯಾಗು ಅಂತ ಒಂದೊಂದೇ ಸೇರಿಸ್ತಾ ಹೋಗೋದು ಮಾತ್ರ ನನಗೆ ಅರ್ಥವಾಗದ ವ್ಯವಹಾರ. ದುಡ್ಡು ಖರ್ಚು ಮಾಡಿ ಅರೆಬರೆ ಟೂರರ್ ಮಾಡ್ಕೊಂಡ ಹಾಗಾಯ್ತು.

ಯಾವುದಕ್ಕೂ ಶೋರೂಮಿನಲ್ಲಿ ಐದು ನಿಮಿಷ ಕೂತು ತೀರ್ಮಾನ ಮಾಡಬೇಡಿ. ಎರಡನ್ನೂ ಒಂದೊಂದು ದಿನ ಬಾಡಿಗೆಗೆ ತಗೊಳ್ಳಿ, ಇಬ್ಬರೂ ಕೂತು ಹೈವೇಯಲ್ಲಿ ಮೂರು ಗಂಟೆ ಓಡಿಸಿ, ಇಳಿದ ಮೇಲೆ ಸೊಂಟಕ್ಕೆ ಕೈ ಇಡದೆ ನೆಟ್ಟಗೆ ನಿಲ್ಲೋಕಾಗುತ್ತಾ ನೋಡಿ. ಈ ಪರೀಕ್ಷೆಯಲ್ಲಿ ಕ್ರೂಸರ್ ಗೆಲ್ಲಿಸಿದವರು ಯಾರಾದ್ರೂ ಇದ್ರೆ ಹೇಳಿ ಮತ್ತೆ, ವಾದ ಮಾಡೋಕೆ ನಾನು ತಯಾರು!