ಸ್ವತಂತ್ರ ಎಂದರೆ ಕೆಲಸ ಬಿಡುವುದಲ್ಲ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತೆಂದರೆ ನಮ್ಮ ಕಿವಿಗೆ ಎರಡೇ ಮಾತು ಬೀಳುತ್ತವೆ. ಮನೆಯವರದು ಒಂದು: ‘ಹಾಡು, ಕವಿತೆ ಎಲ್ಲ ಆಮೇಲೆ ನೋಡಿಕೊಂಡರಾಯಿತು, ಮೊದಲು ಕೆಲಸ ಹಿಡಿ’. ಮೊಬೈಲ್‌ನಲ್ಲಿ ಬರುವ ಸ್ಫೂರ್ತಿ ಭಾಷಣಗಳದು ಇನ್ನೊಂದು: ‘ಕೆಲಸ ಬಿಡು, ಕನಸಿನ ಬೆನ್ನು ಹತ್ತು’. ಹಾಡು ಬರೆಯುವ, ಗಿಟಾರ್ ನುಡಿಸುವ ಗೆಳೆಯರು ಈ ಎರಡರ ನಡುವೆ ಒದ್ದಾಡುವುದನ್ನು ಯಾವ ಕಾಲೇಜಿನಲ್ಲಾದರೂ ಕಾಣಬಹುದು. ಬಿಇ ಓದುತ್ತಿರುವ ನನಗೆ ಎರಡೂ ಮಾತು ಅರ್ಧ ಸತ್ಯ ಅನ್ನಿಸುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ಅಮೆರಿಕದ ಗೀತರಚನೆಕಾರ ಜಾನ್ ಪ್ರೈನ್.

ಅಮೆರಿಕದ ದಕ್ಷಿಣ ಭಾಗದ ಹಳ್ಳಿಗಾಡಿನಲ್ಲಿ ಬೆಳೆದ, ಗಿಟಾರ್ ಹಿಡಿದು ಸಾಮಾನ್ಯರ ಕಥೆ ಹೇಳುವ ಹಾಡಿನ ಪರಂಪರೆಗೆ ಕಂಟ್ರಿ ಸಂಗೀತ ಎನ್ನುತ್ತಾರೆ. ಪ್ರೈನ್ ಹುಟ್ಟಿದ್ದು 1946ರಲ್ಲಿ, ಷಿಕಾಗೊ ಪಕ್ಕದ ಮೇವುಡ್‌ನಲ್ಲಿ. ತಂದೆ ತಾಯಿ ಕೆಂಟಕಿಯ ಕಲ್ಲಿದ್ದಲು ಸೀಮೆಯವರು. ಹಾಗಾಗಿ ಕಂಟ್ರಿ ಹಾಡು ಮನೆಯಲ್ಲೇ ಅವರ ಕಿವಿಗೆ ಬಿದ್ದಿತ್ತು. ಶಾಲೆ ಮುಗಿಸಿ ಪೋಸ್ಟ್‌ಮನ್ ಆದರು. ನಡುವೆ ಸೇನೆ ಸೇರಿ ಜರ್ಮನಿಯಲ್ಲಿ ವಾಹನ ರಿಪೇರಿ ಮಾಡಿ ಬಂದು, ಮತ್ತೆ ಅದೇ ಅಂಚೆ ಚೀಲ ಹೊತ್ತರು. ಮನೆಮನೆಗೆ ಕಾಗದ ಹಂಚುತ್ತಾ ನಡೆಯುವಾಗ ಮನಸ್ಸಿನಲ್ಲೇ ಹಾಡು ಕಟ್ಟುತ್ತಿದ್ದರು. 1970ರಲ್ಲಿ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ಷಿಕಾಗೊ ಸನ್-ಟೈಮ್ಸ್ ಪತ್ರಿಕೆಯಲ್ಲಿ ಈ ಹಾಡುವ ಪೋಸ್ಟ್‌ಮನ್ ಬಗ್ಗೆ ಬರೆದರು. 1971ರಲ್ಲಿ ಅಟ್ಲಾಂಟಿಕ್ ಕಂಪನಿ ಮೊದಲ ಆಲ್ಬಂ ಹೊರತಂದಿತು. ಅದರಲ್ಲಿದ್ದ ‘ಸ್ಯಾಮ್ ಸ್ಟೋನ್’, ‘ಹಲೋ ಇನ್ ದೇರ್’ ಮುಂತಾದ ಹಾಡುಗಳು ಕೆಲಸದಲ್ಲಿದ್ದಾಗಲೇ ಬರೆದವು. ಸಂಬಳದ ಕೆಲಸ ಅವರ ಹಾಡನ್ನು ಕೊಲ್ಲಲಿಲ್ಲ. ಹಾಡು ಹಣ್ಣಾಗುವವರೆಗೆ ಅನ್ನ ಹಾಕಿತು.

ನಾವು ಗಮನಿಸಬೇಕಾದ ಕಥೆ ಇರುವುದು ಆಮೇಲೆ. 1971ರಿಂದ 1980ರವರೆಗೆ ಎರಡು ದೊಡ್ಡ ಕಂಪನಿಗಳಿಗೆ ಅವರು ಏಳು ಆಲ್ಬಂ ಮಾಡಿಕೊಟ್ಟರು. ವಿಮರ್ಶಕರು ಹೊಗಳಿದರು, ಮಾರಾಟ ಮಾತ್ರ ಅಷ್ಟಕ್ಕಷ್ಟೆ. ಒಪ್ಪಂದ ಮುಗಿದಾಗ ಪ್ರೈನ್ ಮತ್ತೊಂದು ಕಂಪನಿಯ ಬಾಗಿಲು ತಟ್ಟಲಿಲ್ಲ. ಮ್ಯಾನೇಜರ್ ಆಲ್ ಬುನೆಟ್ಟಾ ಜೊತೆ ಸೇರಿ 1981ರಲ್ಲಿ ‘ಓ ಬಾಯ್ ರೆಕಾರ್ಡ್ಸ್’ ಎಂಬ ಸ್ವಂತ ಸಣ್ಣ ಸಂಸ್ಥೆ ತೆರೆದರು. ಹೊಸ ಆಲ್ಬಂಗೆ ಬೇಕಾದ ಹಣವನ್ನು ಅಭಿಮಾನಿಗಳೇ ಮುಂಗಡವಾಗಿ ಅಂಚೆಯಲ್ಲಿ ಕಳುಹಿಸಿದರು. ಇಂದು ನಾವು ಕ್ರೌಡ್‌ಫಂಡಿಂಗ್ ಎನ್ನುವುದು ಆಗ ಲಕೋಟೆಯೊಳಗಿನ ಚೆಕ್ ಆಗಿತ್ತು. ‘ಏಮ್ಲೆಸ್ ಲವ್’ ಎಂಬ ಆ ಆಲ್ಬಂ 1984ರಲ್ಲಿ ಬಂತು. 1991ರ ‘ದಿ ಮಿಸ್ಸಿಂಗ್ ಇಯರ್ಸ್’ ಗ್ರ್ಯಾಮಿ ಗೆದ್ದಿತು. 2018ರಲ್ಲಿ, 71ನೇ ವಯಸ್ಸಿನಲ್ಲಿ, ಅದೇ ಸಣ್ಣ ಸಂಸ್ಥೆಯಿಂದ ತಂದ ‘ದಿ ಟ್ರೀ ಆಫ್ ಫರ್ಗಿವ್‌ನೆಸ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ದೊಡ್ಡ ಕಂಪನಿಗಳಲ್ಲಿದ್ದಾಗ ಅವರಿಗೆ ಅಂಥ ಸ್ಥಾನ ಸಿಕ್ಕಿರಲಿಲ್ಲ.

ಹಾಗಾದರೆ ಅಷ್ಟು ವರ್ಷ ಬದುಕು ನಡೆದದ್ದು ಹೇಗೆ? ಊರೂರು ಸುತ್ತಿ ಮಾಡಿದ ಕಾರ್ಯಕ್ರಮ ಒಂದು ದಾರಿ. ಬರೆದವನಿಗೆ ಬರುವ ರಾಯಲ್ಟಿ ಇನ್ನೊಂದು. ಅಮೆರಿಕದ ಎಎಂ, ಎಫ್‌ಎಂ ರೇಡಿಯೊಗಳಲ್ಲಿ ಹಾಡು ಪ್ರಸಾರವಾದರೆ ಹಣ ಸಲ್ಲುವುದು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ; ಹಾಡಿದವರಿಗಲ್ಲ. ಪ್ರೈನ್ ತಮ್ಮದೇ ಧ್ವನಿಯಲ್ಲಿ ದೊಡ್ಡ ಹಿಟ್ ಕೊಟ್ಟವರಲ್ಲ. ಆದರೆ ರೋಜರ್ ಕುಕ್ ಜೊತೆ ಸೇರಿ ಬರೆದ ಒಂದು ಹಾಡನ್ನು ಡಾನ್ ವಿಲಿಯಮ್ಸ್ 1983ರಲ್ಲಿ, ಮತ್ತೊಂದನ್ನು ಜಾರ್ಜ್ ಸ್ಟ್ರೇಟ್ 1998ರಲ್ಲಿ ಹಾಡಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಒಯ್ದರು. 1998 ಪ್ರೈನ್ ಅವರ ಕುತ್ತಿಗೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ವರ್ಷವೂ ಹೌದು. ಅವರು ಹಾಡಲಾಗದೆ ಮಲಗಿದ್ದ ವರ್ಷ ಅವರ ಹಾಡು ಬೇರೊಬ್ಬರ ಕಂಠದಲ್ಲಿ ದೇಶವೆಲ್ಲ ಸುತ್ತುತ್ತಿತ್ತು. ಸ್ವಂತ ಹಕ್ಕು ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಗೊತ್ತಿಲ್ಲ.

‘ದೊಡ್ಡ ಕಂಪನಿ ಹೆಸರು ಮಾಡಿಕೊಟ್ಟ ಮೇಲೆ ಸ್ವತಂತ್ರನಾಗುವುದು ಸುಲಭ’ ಎಂದು ಯಾರಾದರೂ ಹೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಪ್ರೈನ್ ಅವರಂತೆ ಬರೆದೂ ಬೆಳಕಿಗೆ ಬಾರದವರು ಎಷ್ಟೋ ಮಂದಿ ಇರುತ್ತಾರೆ. ಆದ್ದರಿಂದಲೇ ‘ಎಲ್ಲ ಬಿಟ್ಟು ಧುಮುಕು’ ಎನ್ನುವ ಭಾಷಣಗಳನ್ನು ನಾನು ನಂಬುವುದಿಲ್ಲ. ಅವುಗಳಲ್ಲಿ ಬಾಡಿಗೆ, ಶಿಕ್ಷಣ ಸಾಲದ ಕಂತು, ಮನೆಗೆ ಕಳಿಸಬೇಕಾದ ಹಣ ಯಾವುದರ ಪ್ರಸ್ತಾಪವೂ ಇರುವುದಿಲ್ಲ. ಹಾಗೆಂದು ಕೆಲಸ ಸಿಕ್ಕಿತೆಂದು ಗಿಟಾರನ್ನು ಅಟ್ಟಕ್ಕೆ ಎಸೆಯಬೇಕಿಲ್ಲ. ಕೈಗೆ ಸಂಬಳ ಬರುತ್ತಿದ್ದರೆ ಅವಸರಕ್ಕೆ ಬಿದ್ದು ಕೆಟ್ಟ ಒಪ್ಪಂದಕ್ಕೆ ಸಹಿ ಹಾಕುವ ಒತ್ತಡ ಇರುವುದಿಲ್ಲ. ನನ್ನ ಪ್ರಕಾರ ಸ್ವತಂತ್ರ ಕಲಾವಿದನ ಮೊದಲ ಬಂಡವಾಳ ಇದೇ.

ನಮ್ಮಲ್ಲಿ ಹಾಡು ಬರೆಯುವವರಿಗೂ ಕಾನೂನಿನ ಬಲ ಇದೆ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಿನಿಮಾಕ್ಕೆ ಬರೆದ ಹಾಡು ಚಿತ್ರಮಂದಿರದ ಆಚೆ ಬಳಕೆಯಾದರೆ ಬರುವ ರಾಯಲ್ಟಿಯಲ್ಲಿ ಸಾಹಿತ್ಯ ಬರೆದವರಿಗೆ, ಸಂಗೀತ ಕೊಟ್ಟವರಿಗೆ ಸಮಪಾಲು ಸಲ್ಲಬೇಕು. ಆ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುತ್ತೇನೆ ಎಂದು ಬರೆದುಕೊಟ್ಟರೂ ಅದು ಊರ್ಜಿತವಾಗದು. ನಾಲ್ಕು ವರ್ಷ ಸರ್ಕ್ಯೂಟು, ಕೋಡು ಕಲಿಯುವ ನಮಗೆ ಇಂಥ ಒಂದು ಪುಟದ ಕಾನೂನನ್ನು ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲ. ನಾವೇ ಓದಿಕೊಳ್ಳಬೇಕು.

ಪ್ರೈನ್ 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಓ ಬಾಯ್ ರೆಕಾರ್ಡ್ಸ್ ಅವರ ಕುಟುಂಬದ ಕೈಯಲ್ಲಿ ಮುಂದುವರಿದಿದೆ. ಹಾಡು ಬರೆಯುವ ಗೆಳೆಯರೇ, ಆಫರ್ ಲೆಟರ್ ಬಂದರೆ ಸಂತೋಷದಿಂದ ತೆಗೆದುಕೊಳ್ಳಿ. ಸಂಜೆ ಬಂದು ಬರೆಯಿರಿ. ಬರೆದದ್ದನ್ನು ತಾರೀಖು ಹಾಕಿ ಇಟ್ಟುಕೊಳ್ಳಿ. ಯಾರಾದರೂ ‘ಇಲ್ಲೊಂದು ಸಹಿ ಹಾಕಿ’ ಎಂದರೆ ಕಾಗದವನ್ನು ಮನೆಗೆ ತಂದು, ಎರಡು ಸಲ ಓದಿ, ಆಮೇಲೆ ಪೆನ್ನು ತೆಗೆಯಿರಿ.