ಎದ್ದು ಹೋದವರನ್ನು ಎಣಿಸುವವರು

ಕಚೇರಿಯಲ್ಲಿ ಒಬ್ಬರು ಸೀಟು ಬಿಟ್ಟು ಶೌಚಾಲಯಕ್ಕೆ ಹೋಗಿ ಬಂದರೆ ಅದರ ಲೆಕ್ಕ ಇಡುವ ಹಕ್ಕನ್ನು ಪಕ್ಕದ ಸೀಟಿನವರಿಗೆ ಯಾರೂ ಕೊಟ್ಟಿಲ್ಲ. ಆದರೂ ಲೆಕ್ಕ ನಡೆಯುತ್ತಲೇ ಇದೆ. ‘ಏನ್ ಮೇಡಂ, ಅಲ್ಲೇ ಮನೆ ಮಾಡ್ಬಿಟ್ರಾ?’ ‘ಬೆಳಗ್ಗೆಯಿಂದ ಇದು ನಾಲ್ಕನೇ ಸಲ ಅಲ್ವಾ ಸಾರ್?’ ‘ಹೊಟ್ಟೆ ಕೆಟ್ಟಿದ್ಯಾ?’ ಹೊಸದಾಗಿ ಮದುವೆಯಾದ ಹುಡುಗಿಯಾದರೆ ‘ಏನಾದ್ರೂ ವಿಶೇಷಾನಾ?’ ಕೇಳಿದವರು ನಗುತ್ತಾರೆ, ಸುತ್ತಲಿನವರು ನಗುತ್ತಾರೆ, ಕೇಳಿಸಿಕೊಂಡವರೂ ಬೇರೆ ದಾರಿಯಿಲ್ಲದೆ ನಗುತ್ತಾರೆ. ಆ ಕೊನೆಯ ನಗುವನ್ನು ಒಪ್ಪಿಗೆ ಎಂದುಕೊಂಡು ನಾವು ವರ್ಷಗಟ್ಟಲೆ ಹಾಯಾಗಿದ್ದೇವೆ.

ಆಕ್ಷೇಪಿಸಿದರೆ ಉತ್ತರ ಸಿದ್ಧವಿರುತ್ತದೆ: ‘ನಮ್ಮೋರು ಅಂತ ಸಲುಗೆಯಿಂದ ಕೇಳಿದೆ, ಅಷ್ಟಕ್ಕೆಲ್ಲ ಬೇಜಾರಾ?’ ಹಾಗಾದರೆ ಈ ಸಲುಗೆ ಮ್ಯಾನೇಜರ್ ಬಳಿ ಏಕೆ ಬಾಯಿ ಬಿಡುವುದಿಲ್ಲ? ಅವರು ಮೀಟಿಂಗಿನ ನಡುವೆ ಎರಡು ಸಲ ಎದ್ದು ಹೋದರೂ ಯಾರೂ ತುಟಿ ಎರಡು ಮಾಡುವುದಿಲ್ಲ. ಈ ಪ್ರಶ್ನೆ ಹೋಗುವುದು ಹೊಸಬರಿಗೆ, ಗುತ್ತಿಗೆಯ ಮೇಲಿರುವವರಿಗೆ, ಹೆಂಗಸರಿಗೆ, ನಿವೃತ್ತಿ ಹತ್ತಿರವಾದವರಿಗೆ. ತಿರುಗಿ ಬೀಳಲಾರರು ಎಂದು ಗೊತ್ತಿರುವವರನ್ನು ಆರಿಸಿಕೊಂಡು ಆಡುವ ಮಾತು ಸಲುಗೆಯಲ್ಲ. ಕಾಳಜಿಯಂತೂ ಅಲ್ಲವೇ ಅಲ್ಲ. ಕಾಳಜಿ ಇದ್ದವರು ಹತ್ತು ಜನರ ಎದುರು ಕೇಳುವುದಿಲ್ಲ.

ಎದ್ದು ಹೋಗುವವರ ಕಾರಣಗಳೇನು ಎಂದು ಒಮ್ಮೆಯಾದರೂ ಯೋಚಿಸಿದ್ದೇವೆಯೇ? ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್‌ನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಸಕ್ಕರೆ ಏರಿದಾಗ ಮತ್ತೆ ಮತ್ತೆ ಮೂತ್ರಕ್ಕೆ ಹೋಗಲೇಬೇಕಾಗುತ್ತದೆ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳ ಕೆಲಸವೇ ಮೈಯ ನೀರನ್ನು ಹೊರಹಾಕುವುದು. ಐವತ್ತು ದಾಟಿದ ಎಷ್ಟೋ ಗಂಡಸರಿಗೆ ಪ್ರಾಸ್ಟೇಟ್ ತೊಂದರೆ, ಗರ್ಭಿಣಿಯರಿಗೆ ಮೂತ್ರಕೋಶದ ಮೇಲೆ ಒತ್ತಡ, ಗರ್ಭಕೋಶದಲ್ಲಿ ಗೆಡ್ಡೆ ಇರುವ ಕೆಲವರಿಗೆ ನಿಲ್ಲದ ರಕ್ತಸ್ರಾವ. ಇವುಗಳಲ್ಲಿ ಯಾವುದನ್ನು ಅವರು ಟೇಬಲ್ಲಿನ ಮೇಲೆ ಹರಡಿ ತೋರಿಸಬೇಕು?

ನಾನು ಕೆಲಸ ಮಾಡಿದ ಒಂದು ಕಡೆ ಸಹೋದ್ಯೋಗಿಯೊಬ್ಬರು ದಿನವೂ ಒಂದು ಲೀಟರಿನ ಸ್ಟೀಲ್ ಬಾಟಲಿಯಲ್ಲಿ ಮನೆಯಿಂದ ನೀರು ತರುತ್ತಿದ್ದರು. ಅವರ ಓಡಾಟ ತಮಾಷೆಯ ವಸ್ತುವಾದ ಮೇಲೆ ಆ ಬಾಟಲಿ ಸಂಜೆ ಬ್ಯಾಗಿಗೆ ಸೇರುವಾಗಲೂ ಹೆಚ್ಚುಕಮ್ಮಿ ತುಂಬಿಯೇ ಇರುತ್ತಿತ್ತು. ಊಟದ ಹೊತ್ತಿಗೆ ಅನ್ನ ಗಂಟಲಲ್ಲಿ ಇಳಿಯಲೆಂದು ಎರಡು ಗುಟುಕು, ಮತ್ತೆ ಮುಚ್ಚಳ ಬಿಗಿ. ಏಪ್ರಿಲ್ ಬಿಸಿಲಿನಲ್ಲಿ ಉರಿಮೂತ್ರ ಶುರುವಾಯಿತು, ಚಳಿಜ್ವರ ಬಂತು, ಆಸ್ಪತ್ರೆ ಸೇರಿದರು. ನೀರು ಕಡಿಮೆ ಕುಡಿದು, ಬಂದದ್ದನ್ನು ಗಂಟೆಗಟ್ಟಲೆ ತಡೆದರೆ ಮೂತ್ರಕೋಶದಲ್ಲಿ ಸೋಂಕು ನೆಲೆಯೂರಬಹುದು. ಮೂತ್ರ ಹೊರಬರುವ ನಾಳ ಹೆಂಗಸರಲ್ಲಿ ಚಿಕ್ಕದಾದ್ದರಿಂದ ಅವರಿಗೆ ಅಪಾಯ ಹೆಚ್ಚು. ಆ ಸಹೋದ್ಯೋಗಿ ರಜೆ ಮುಗಿಸಿ ಬಂದ ದಿನವೇ, ತಮಾಷೆ ಮಾಡಿದ ಅದೇ ಟೇಬಲ್ಲಿನಿಂದ ಪ್ರಶ್ನೆ ಬಂತು: ‘ಏನಾಗಿತ್ತಂತೆ?’

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಫ್ಲೋರುಗಳಲ್ಲಿ ಇದರ ರೂಪ ಇನ್ನೂ ಕಠಿಣ. ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್. ಕಾಲರ್ ಹೊಲಿಯುವವಳು ಎದ್ದರೆ ಅವಳ ಮಿಷನ್ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಮುಂದಿನವಳ ಕೈ ಖಾಲಿಯಾಗುತ್ತದೆ. ಆಗ ಸೂಪರ್‌ವೈಸರ್ ಬಾಯಿ ತೆರೆಯುವ ಮೊದಲೇ ಪಕ್ಕದವಳು ಕೇಳುತ್ತಾಳೆ: ‘ಎಷ್ಟ್ ಸಲ ಹೋಗ್ತೀಯಕ್ಕಾ, ಲೈನ್ ನಿಂತೋಯ್ತು.’ ಮಾಲೀಕರ ಕಾವಲನ್ನು ಕೆಲಸದವರೇ ಕಾಯುವಂತೆ ಮಾಡಿದ ವ್ಯವಸ್ಥೆ ಇದು. ಹಾಗೆ ಕೇಳಿದ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ, ಅವಳ ಸಂಬಳವೂ ಅದೇ ಟಾರ್ಗೆಟ್ಟಿಗೆ ಸಿಕ್ಕಿಕೊಂಡಿದೆ. ಒಬ್ಬರು ಐದು ನಿಮಿಷ ಎದ್ದು ಹೋಗಲು ಜಾಗವೇ ಇರದಂತೆ ಲೈನ್ ಹೆಣೆದವರು ಉತ್ತರ ಕೊಡಬೇಕು. ಕೆಲಸಗಾರರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ, ಯಾವ ಗಳಿಗೆಯಲ್ಲಾದರೂ ಶೌಚಾಲಯ ಅವರ ಕೈಗೆಟುಕುವಂತಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 19ನೇ ಕಲಂ ಹೇಳಿತ್ತು. ಹೋದವರು ಕಾರಣ ಹೇಳಬೇಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ.

ಕಾರಣ ಕೆದಕುವ ಈ ಚಾಳಿ ರಜೆಯನ್ನೂ ಬಿಟ್ಟಿಲ್ಲ. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಅದರ ಹಿಂದೆಯೇ ಬಂದ ಆದೇಶ ವೈದ್ಯರ ಸರ್ಟಿಫಿಕೇಟೂ ಬೇಡ ಎಂದಿತು. ಸರ್ಕಾರ ಕೇಳದ ಪುರಾವೆಯನ್ನು ಸಹೋದ್ಯೋಗಿಗಳು ಕೇಳುತ್ತಾರೆ. ‘ಓ, ಇವತ್ತು ಆ ರಜೆನಾ?’ ಎಂಬ ಒಂದು ಮಾತು ಸಾಕು, ಮುಂದಿನ ತಿಂಗಳು ಆಕೆ ನೋವು ನುಂಗಿಕೊಂಡು ಕೆಲಸಕ್ಕೆ ಬರಲು.

ಕೇಳಿಸಿಕೊಳ್ಳುವವರಿಗೆ ಒಂದು ಮಾತು: ಕಾರಣ ಕೊಡಬೇಡಿ. ಮಾತ್ರೆಯ ಹೆಸರು ಹೇಳಿದರೆ ಕಾಯಿಲೆಯ ಹೆಸರು ಕೇಳುತ್ತಾರೆ, ಅದನ್ನೂ ಹೇಳಿದರೆ ಗೊತ್ತಿರುವ ನಾಟಿ ವೈದ್ಯರ ವಿಳಾಸ ಕೊಡುತ್ತಾರೆ. ‘ಯಾಕೆ, ಏನಾದ್ರೂ ಕೆಲಸ ಇತ್ತಾ?’ ಎಂದು ನೇರವಾಗಿ ಮುಖ ನೋಡಿ ಕೇಳಿ, ನಗದೆ. ಮತ್ತೂ ಕೆದಕಿದರೆ ‘ಇದರ ಬಗ್ಗೆ ಮಾತಾಡೋದು ನನಗೆ ಇಷ್ಟ ಇಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಲೈಂಗಿಕ ಛಾಯೆಯ ಮಾತುಗಳು ಬಂದರೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಹೆಣ್ಣುಮಕ್ಕಳ ಬೆನ್ನಿಗಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಆದರೆ ಇದೆಲ್ಲವನ್ನೂ ಒಬ್ಬರೇ ಮಾಡಬೇಕಾದ ಸ್ಥಿತಿಗೆ ಅವರನ್ನು ತಂದಿದ್ದು ಸುತ್ತ ಕೂತು ನಕ್ಕವರು. ಕೇಳಿದವನಿಗಿಂತ ಆ ನಗುವವರ ಮೇಲೆ ನನ್ನ ಸಿಟ್ಟು ಹೆಚ್ಚು. ‘ಬಿಡ್ರೀ, ಅವರ ವಿಷಯ ನಿಮಗ್ಯಾಕೆ’ ಎಂದು ಒಬ್ಬರು ಅಂದಿದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು.

ಶೌಚಾಲಯದ ಬಗ್ಗೆ ಮಾತಾಡಲೇಬೇಕೆನಿಸಿದರೆ ಮಾತಾಡಲು ಬೇಕಾದಷ್ಟಿದೆ. ಚಿಲಕ ಕಿತ್ತುಹೋಗಿ ಎಷ್ಟು ತಿಂಗಳಾಯಿತು, ಮಧ್ಯಾಹ್ನದ ಮೇಲೆ ನಲ್ಲಿಯಲ್ಲಿ ನೀರು ಏಕೆ ಬರುವುದಿಲ್ಲ, ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿ ಏಕಿಲ್ಲ, ಹೌಸ್‌ಕೀಪಿಂಗ್ ಹೆಂಗಸರಿಗೆ ಅದೇ ಶೌಚಾಲಯ ಬಳಸಲು ಏಕೆ ಬಿಡುವುದಿಲ್ಲ? ಇವನ್ನು ಕೇಳಬೇಕಾದ್ದು ಆಡಳಿತದವರನ್ನು, ಬರವಣಿಗೆಯಲ್ಲಿ, ಎಲ್ಲರೂ ಸಹಿ ಹಾಕಿ.