ರಸ್ತೆಯ ಅಂದಾಜು ಪಟ್ಟಿಯಲ್ಲಿ ಅಂಗಡಿಕಾರನಿಗೂ ಒಂದು ಸಾಲಿರಲಿ

ನಗರದೊಳಗಿನ ರಸ್ತೆಗೋ ಮೇಲ್ಸೇತುವೆಗೋ ಅಂದಾಜು ಪಟ್ಟಿ ತಯಾರಿಸುವಾಗ ಎಂಜಿನಿಯರುಗಳು ಏನೇನು ಲೆಕ್ಕ ಹಿಡಿಯುತ್ತಾರೆ ಎಂಬುದು ಬಹಳ ಜನಕ್ಕೆ ತಿಳಿದಿರಲಾರದು. ಮಣ್ಣು, ಜಲ್ಲಿ, ಸಿಮೆಂಟು, ಉಕ್ಕು ಮಾತ್ರವಲ್ಲ. ದಾರಿಯಲ್ಲಿ ಅಡ್ಡ ಬರುವ ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕಂಬ, ಟೆಲಿಫೋನ್ ಕೇಬಲ್ ಇವುಗಳನ್ನು ಸ್ಥಳಾಂತರಿಸಲು ಹಣ ಇಡುತ್ತಾರೆ. ಮರ ಕಡಿಯಬೇಕಾದರೆ ಅದಕ್ಕೆ ಬದಲಾಗಿ ಸಸಿ ನೆಡಲು ಹಣ ಇಡುತ್ತಾರೆ. ಕೆಲಸ ಬಹುಕಾಲ ನಡೆಯುವಂಥದ್ದಾದರೆ ಗುತ್ತಿಗೆದಾರನಿಗೆ ದರ ಹೊಂದಾಣಿಕೆಯ ಷರತ್ತೂ ಒಪ್ಪಂದದಲ್ಲಿ ಇರುತ್ತದೆ. ಆದರೆ ಆ ರಸ್ತೆಯ ಎರಡೂ ಬದಿಗೆ ಅಂಗಡಿ ಇಟ್ಟುಕೊಂಡು, ಕೆಲಸ ಮುಗಿಯುವವರೆಗೆ ಗಿರಾಕಿಯ ಮುಖ ಕಾಣದೆ ಕೂರುವವನಿಗೆ ಒಂದು ಸಾಲೂ ಇರುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದು ಇಂಥ ಪಟ್ಟಿಗಳ ನಡುವೆಯೇ ಬದುಕಿದವನು ನಾನು. ಆ ಸಾಲನ್ನು ಸೇರಿಸುವ ಕಾಲ ಬಂದಿದೆ ಎಂಬುದು ಈ ಲೇಖನದ ವಾದ.

ಹುಬ್ಬಳ್ಳಿಯನ್ನೇ ನೋಡೋಣ. ದುರ್ಗದಬೈಲ್, ಬ್ರಾಡ್‌ವೇ, ದಾಜಿಬಾನ ಪೇಟೆ, ಕೊಪ್ಪಿಕರ ರಸ್ತೆ, ಸ್ಟೇಷನ್ ರಸ್ತೆ, ಚನ್ನಮ್ಮ ವೃತ್ತ, ಹಳೆ ಬಸ್ ನಿಲ್ದಾಣ ಇವೆಲ್ಲ ಸೇರಿ ಊರಿನ ಹೃದಯ. ಸುತ್ತಲಿನ ಹಳ್ಳಿಗಳಿಂದ ಮದುವೆಯ ಜವಳಿಗೆ, ಭಾಂಡೆ ಸಾಮಾನಿಗೆ, ಬಂಗಾರಕ್ಕೆ ಜನ ಬರುತ್ತಿದ್ದದ್ದು ಇಲ್ಲಿಗೆ. ಈ ಪೇಟೆಯ ಬಲ ಒಂದೇ ದಿನದಲ್ಲಿ ಕುಂದಲಿಲ್ಲ. ಸಗಟು ವ್ಯಾಪಾರ ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ಹೋಯಿತು. ಹೊಸ ಬಸ್ ನಿಲ್ದಾಣ ಗೋಕುಲ ರಸ್ತೆಯಲ್ಲಿ ಆಯಿತು. ಹೊಸ ಬಡಾವಣೆಗಳು ಊರಿನ ಹೊರಗೆ ಬೆಳೆದವು, ಅಲ್ಲಿಯೇ ವಾಹನ ನಿಲ್ಲಿಸಲು ಜಾಗವಿರುವ ದೊಡ್ಡ ಮಳಿಗೆಗಳೂ ಬಂದವು. ಈಗ ಫೋನಿನಲ್ಲಿ ಬೆರಳಾಡಿಸಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಕಾಮಗಾರಿಗಳ ಸರದಿ. 2020ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್‌ಗಾಗಿ ವರ್ಷಗಟ್ಟಲೆ ರಸ್ತೆ ಅಗೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಆಮೇಲೆ ಸ್ಮಾರ್ಟ್ ಸಿಟಿ ಕೆಲಸಗಳು. ಅವುಗಳ ಬೆನ್ನಿಗೆ ಚನ್ನಮ್ಮ ವೃತ್ತದ ಮೇಲ್ಸೇತುವೆ. ಅದಕ್ಕಾಗಿ 2025ರ ಏಪ್ರಿಲ್‌ನಲ್ಲಿ ಹಳೆ ಬಸ್ ನಿಲ್ದಾಣದ ಭಾಗದ ಸಂಚಾರವನ್ನೇ ನಾಲ್ಕು ತಿಂಗಳೆಂದು ಹೇಳಿ ಬಂದ್ ಮಾಡಲಾಯಿತು.

ಮೇಲ್ಸೇತುವೆ ಬೇಡ ಎಂದು ನಾನು ಹೇಳುತ್ತಿಲ್ಲ. ಆ ವೃತ್ತದ ದಟ್ಟಣೆ ಕಂಡವರು ಯಾರೂ ಹಾಗೆ ಹೇಳಲಾರರು. ನನ್ನ ಪ್ರಶ್ನೆ ಬೇರೆ. ಇಡೀ ಊರಿಗೆ ಅನುಕೂಲವಾಗುವ ಕೆಲಸದ ವೆಚ್ಚವನ್ನು ಇನ್ನೂರು ಮುನ್ನೂರು ಅಂಗಡಿಗಳ ಗಲ್ಲಾದಿಂದ ವಸೂಲು ಮಾಡುವುದು ಯಾವ ನ್ಯಾಯ?

ಸಣ್ಣ ಅಂಗಡಿಯ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ದಿನಕ್ಕೆ ₹8,000 ವ್ಯಾಪಾರ, ತಿಂಗಳಿಗೆ 26 ದಿನ ಎಂದಿಟ್ಟುಕೊಳ್ಳಿ. ಒಟ್ಟು ವ್ಯಾಪಾರ ₹2,08,000. ನೂರಕ್ಕೆ ಹದಿನೈದು ಉಳಿದರೆ ₹31,200. ಇದರಲ್ಲಿ ಬಾಡಿಗೆ ₹9,000, ಆಳಿನ ಸಂಬಳ ₹10,000, ಕರೆಂಟು ಇತ್ಯಾದಿ ₹2,200 ಹೋದರೆ ಮನೆಗೆ ಒಯ್ಯುವುದು ₹10,000. ಈಗ ರಸ್ತೆ ಬಂದಾಗಿ ವ್ಯಾಪಾರ ಮೂರರಲ್ಲಿ ಒಂದು ಭಾಗ ಕಡಿಮೆಯಾಯಿತು ಎನ್ನಿ. ಉಳಿಕೆ ₹20,800ಕ್ಕೆ ಇಳಿಯುತ್ತದೆ. ಬಾಡಿಗೆ, ಸಂಬಳ, ಕರೆಂಟು ಮಾತ್ರ ಅಷ್ಟೇ ಇರುತ್ತವೆ. ತಿಂಗಳ ಕೊನೆಗೆ ಮನೆಗೆ ಒಯ್ಯುವುದಿರಲಿ, ಕೈಯಿಂದ ₹400 ಹಾಕಬೇಕು. ಅಂದರೆ ವ್ಯಾಪಾರ ಮೂರನೇ ಒಂದು ಭಾಗ ಕುಸಿದರೆ ಆದಾಯ ಪೂರ್ತಿ ಹೋಗುತ್ತದೆ. ಇದನ್ನು ಅರಿಯದ ಅಧಿಕಾರಿಗಳು "ಅಂಗಡಿ ತೆರೆದೇ ಇದೆಯಲ್ಲ" ಎನ್ನುತ್ತಾರೆ. ಆ ಅಂಗಡಿಕಾರ ಮೊದಲು ಬಿಡಿಸುವುದು ಆಳನ್ನು. ಆ ಆಳು ಬಹುತೇಕ ಯಾವುದೋ ಬಡ ಮನೆಯ ಹುಡುಗ. ಹೊಡೆತ ಅಲ್ಲಿಗೂ ಮುಟ್ಟುತ್ತದೆ.

ಸರ್ಕಾರದಿಂದ ನೆರವೇ ಇಲ್ಲವೇ ಎಂದರೆ, ಇದೆ. ಆದರೆ ಸಾಲದ ರೂಪದಲ್ಲಿ. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. 2020ರಲ್ಲಿ ₹10,000 ಸಾಲದಿಂದ ಆರಂಭವಾದ ಪಿಎಂ ಸ್ವನಿಧಿ ಯೋಜನೆ ಅನೇಕರಿಗೆ ಆಸರೆಯಾಯಿತು. ಚಿಲ್ಲರೆ ಮತ್ತು ಸಗಟು ವ್ಯಾಪಾರವನ್ನು 2021ರ ಜುಲೈನಲ್ಲಿ ಎಂಎಸ್‌ಎಂಇ ಪಟ್ಟಿಗೆ ಮತ್ತೆ ಸೇರಿಸಿದರು. ಆದರೆ ಬ್ಯಾಂಕುಗಳ ಆದ್ಯತಾ ಸಾಲದ ಮಟ್ಟಿಗೆ ಮಾತ್ರ. 2013ರ ಭೂಸ್ವಾಧೀನ ಕಾಯ್ದೆ ಬಾಡಿಗೆದಾರನನ್ನೂ, ಮೂರು ವರ್ಷದಿಂದ ಅಲ್ಲಿ ದುಡಿಯುತ್ತಿರುವವನನ್ನೂ ಬಾಧಿತ ಕುಟುಂಬ ಎಂದು ಒಪ್ಪುತ್ತದೆ. ಅದು ಒಳ್ಳೆಯ ಹೆಜ್ಜೆ. ಆದರೆ ಜಾಗ ಸ್ವಾಧೀನವಾದರೆ ಮಾತ್ರ ಅದು ಅನ್ವಯ. ಅಂಗಡಿಯ ಒಂದು ಇಟ್ಟಿಗೆಯನ್ನೂ ಮುಟ್ಟದೆ, ಎದುರಿನ ರಸ್ತೆಯನ್ನು ಎರಡು ವರ್ಷ ಅಗೆದಿಟ್ಟರೆ ಆ ಕಾಯ್ದೆಯ ಕಣ್ಣಿಗೆ ಯಾರಿಗೂ ನಷ್ಟವಾಗಿಲ್ಲ. ಕಳೆದುಹೋದ ಆದಾಯಕ್ಕೆ ಸಾಲ ಪರಿಹಾರವಲ್ಲ. ವ್ಯಾಪಾರವಿಲ್ಲದ ದಿನಗಳಲ್ಲಿ ತೆಗೆದ ಸಾಲ ವ್ಯಾಪಾರ ಬಂದ ದಿನಗಳನ್ನೂ ನುಂಗುತ್ತದೆ.

ಬೇರೆ ಕಡೆ ಏನು ಮಾಡಿದ್ದಾರೆ ನೋಡಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಗರ ರೈಲು ಕಟ್ಟುವ ಸಂಸ್ಥೆಯೇ ನಿಧಿಯೊಂದನ್ನು ಇಟ್ಟು, ಕಾಮಗಾರಿಯ ದಾರಿಯಲ್ಲಿರುವ ಸಣ್ಣ ಅಂಗಡಿಗಳಿಗೆ ದಾಖಲೆ ನೋಡಿ ವರ್ಷಕ್ಕೆ 50,000 ಡಾಲರ್‌ವರೆಗೆ ಸಹಾಯಧನ ಕೊಡುತ್ತಿದೆ. ಸೇಂಟ್ ಪಾಲ್ ನಗರದಲ್ಲಿ 2014ರಲ್ಲಿ ಆರಂಭವಾದ ರೈಲು ಮಾರ್ಗದ ಕೆಲಸ ನಡೆಯುವಾಗ ಸಣ್ಣ ವ್ಯಾಪಾರಿಗಳಿಗೆ 20,000 ಡಾಲರ್‌ವರೆಗೆ ಬಡ್ಡಿಯಿಲ್ಲದ ಹಣ ಕೊಟ್ಟರು. ಅಲ್ಲಿಯೇ ವ್ಯಾಪಾರ ಮುಂದುವರಿಸಿದವರಿಗೆ ಅದು ಹಂತಹಂತವಾಗಿ ಮಾಫಿ. ಫ್ರಾನ್ಸ್‌ನಲ್ಲಿ ನ್ಯಾಯಾಲಯಗಳು ಇದನ್ನು ಹಕ್ಕೆಂದೇ ಒಪ್ಪಿವೆ. ಸಾರ್ವಜನಿಕ ಕಾಮಗಾರಿಯಿಂದ ಪಕ್ಕದವರಿಗೆ ಸಹಜಕ್ಕಿಂತ ಹೆಚ್ಚಿನ, ಅವರಿಗಷ್ಟೇ ತಗಲುವ ನಷ್ಟವಾದರೆ, ಇಲಾಖೆ ಯಾವ ತಪ್ಪನ್ನೂ ಮಾಡದಿದ್ದರೂ ಪರಿಹಾರ ಕೊಡಬೇಕು. ಅದರ ಹಿಂದಿನ ತರ್ಕ ಸರಳ: ಎಲ್ಲರ ಹಿತಕ್ಕಾಗಿ ಆದ ಹೊರೆಯನ್ನು ಎಲ್ಲರೂ ಹೊರಬೇಕು. ಆ ದೇಶಗಳ ಸಿರಿವಂತಿಕೆ ನಮಗಿಲ್ಲ, ನಿಜ. ಆದರೆ ಈ ತರ್ಕಕ್ಕೆ ಸಿರಿವಂತಿಕೆ ಬೇಕಿಲ್ಲ.

ನಮ್ಮಲ್ಲಿ ಆಗಬಹುದಾದದ್ದು ಏನು? ನನ್ನ ಸಲಹೆಗಳು ನಾಲ್ಕು.

ಮೊದಲನೆಯದು, ನಗರ ಮಧ್ಯದ ಪ್ರತಿ ದೊಡ್ಡ ಕಾಮಗಾರಿಯ ಅಂದಾಜಿನಲ್ಲಿ ನೂರಕ್ಕೆ ಒಂದರಷ್ಟು ಹಣವನ್ನು ಜೀವನೋಪಾಯದ ಬಾಬ್ತಿಗೆ ಇಡಬೇಕು. ₹100 ಕೋಟಿಯ ಕೆಲಸಕ್ಕೆ ₹1 ಕೋಟಿ. ಇನ್ನೂರು ಸಣ್ಣ ಅಂಗಡಿಗಳಿಗೆ ತಲಾ ₹50,000 ಬರುತ್ತದೆ. ಮೇಲಿನ ಉದಾಹರಣೆಯ ಅಂಗಡಿಗೆ ಅದು ಐದು ತಿಂಗಳ ಬಾಡಿಗೆಗಿಂತ ಹೆಚ್ಚು.

ಎರಡನೆಯದು, ಕೆಲಸ ತಡವಾದರೆ ಗುತ್ತಿಗೆದಾರನ ಮೇಲೆ ಹಾಕುವ ದಂಡದ ಹಣ. ಅದು ಈಗ ಇಲಾಖೆಗೆ ಹೋಗುತ್ತದೆ. ತಡವಾದದ್ದರಿಂದ ನಿಜವಾಗಿ ನಷ್ಟವಾದದ್ದು ಎದುರಿನ ಅಂಗಡಿಗೆ. ದಂಡದ ಹಣ ಈ ಬಾಬ್ತಿಗೇ ಸೇರಲಿ. ಆಗ ದಂಡ ಹಾಕಿರಿ ಎಂದು ಕೇಳಲು ಊರಿನಲ್ಲಿ ಇನ್ನೂರು ಜನ ಇರುತ್ತಾರೆ. ಇಂದು ಕೇಳುವವರೇ ಇಲ್ಲ.

ಮೂರನೆಯದಕ್ಕೆ ಹೆಚ್ಚು ಹಣವೂ ಬೇಡ, ಕೆಲಸದ ಶಿಸ್ತು ಬೇಕು. ಇಡೀ ರಸ್ತೆಯನ್ನು ಒಮ್ಮೆಗೇ ಅಗೆಯದೆ ತುಂಡು ತುಂಡಾಗಿ, ಒಂದು ಬದಿ ಮುಗಿಸಿ ಇನ್ನೊಂದು ಬದಿ ಹಿಡಿಯಬೇಕು. ಪೈಪು, ಕೇಬಲ್ ಎಲ್ಲ ಇಲಾಖೆಗಳೂ ಒಂದೇ ಸಲ ಬಂದು ಹೋಗಬೇಕು. ಕೆಲಸ ನಡೆಯುವಾಗಲೂ ನಡೆದು ಹೋಗುವವರಿಗೆ ಭದ್ರವಾದ ಐದಡಿ ದಾರಿ ಇರಬೇಕು. ದಸರಾ, ದೀಪಾವಳಿಯ ವಾರಗಳಲ್ಲಿ ಹೊಸ ಗುಂಡಿ ತೋಡಬಾರದು. ಇವನ್ನು ಟೆಂಡರಿನ ಷರತ್ತುಗಳಲ್ಲೇ ಬರೆದರೆ ಗುತ್ತಿಗೆದಾರ ಅದಕ್ಕೆ ತಕ್ಕ ದರ ಹಾಕುತ್ತಾನೆ. ಬರೆಯದೆ ಆಮೇಲೆ ಗೋಗರೆದರೆ ಅವನಾದರೂ ಏಕೆ ಕೇಳಬೇಕು?

ನಾಲ್ಕನೆಯದು, ರಸ್ತೆ ಬಂದಾದ ಅವಧಿಗೆ ಪಾಲಿಕೆ ಉದ್ದಿಮೆ ಪರವಾನಗಿ ಶುಲ್ಕ ಬಿಡಬೇಕು. ತನ್ನದೇ ಮಳಿಗೆಗಳ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕು. ಖಾಸಗಿ ಕಟ್ಟಡದ ಮಾಲೀಕ ಬಾಡಿಗೆ ಇಳಿಸಿದ ದಾಖಲೆ ತಂದರೆ ಅವನ ಆಸ್ತಿ ತೆರಿಗೆಯಲ್ಲಿ ಅಷ್ಟರಮಟ್ಟಿಗೆ ವಿನಾಯಿತಿ ಇರಲಿ. ಇಲ್ಲದಿದ್ದರೆ ಅಂಗಡಿಕಾರನಿಗೆ ಕೊಟ್ಟ ನೆರವು ಮಾಲೀಕನ ಕಿಸೆಗೆ ಹೋಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳನ್ನೂ ಎದುರಿಸೋಣ. ಸುಳ್ಳು ಲೆಕ್ಕ ಕೊಟ್ಟು ಹಣ ಹೊಡೆಯುತ್ತಾರೆ ಎನ್ನುತ್ತಾರೆ. ಹಿಂದೆ ಈ ಭಯಕ್ಕೆ ಅರ್ಥವಿತ್ತು. ಇಂದು ಚಹಾದಂಗಡಿಯಲ್ಲೂ ಯುಪಿಐ ಇದೆ, ಕರೆಂಟ್ ಬಿಲ್ ಇದೆ. ಕಾಮಗಾರಿಯ ಮೊದಲಿನ ಹನ್ನೆರಡು ತಿಂಗಳನ್ನೂ ನಂತರದ ತಿಂಗಳುಗಳನ್ನೂ ಹೋಲಿಸುವುದು ಕಷ್ಟವಲ್ಲ. ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಇಲ್ಲಿಯೂ ಅಂಥದೇ ಸಮಿತಿ ಪರಿಶೀಲಿಸಲಿ, ಪಟ್ಟಿಯನ್ನು ಗೋಡೆಗೆ ಅಂಟಿಸಲಿ. ಪಕ್ಕದ ಅಂಗಡಿಯವನ ಕಣ್ಣಿಗಿಂತ ದೊಡ್ಡ ಆಡಿಟ್ ಇಲ್ಲ.

ಹೇಗೂ ಮುಳುಗುವ ವ್ಯಾಪಾರಕ್ಕೆ ಸಾರ್ವಜನಿಕ ಹಣ ಏಕೆ ಎನ್ನುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯದ ಅಂಶವಿದೆ. ಯಾರೂ ಕೊಳ್ಳದ ಸರಕನ್ನು ಮಾರುವವನನ್ನು ಸರ್ಕಾರ ಸಾಕಬೇಕೆಂದು ನಾನು ಹೇಳುವುದಿಲ್ಲ. ಆನ್‌ಲೈನ್ ವ್ಯಾಪಾರದಿಂದಾದ ನಷ್ಟಕ್ಕೆ ಈ ನಿಧಿ ಅಲ್ಲ. ಆದರೆ ಸರ್ಕಾರವೇ ಬಾಗಿಲಿಗೆ ತಗಡು ಹೊಡೆದು, ಆಮೇಲೆ "ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ" ಎಂದು ಅಂಗಡಿಕಾರನನ್ನು ದೂರುವುದು ಸರಿಯಲ್ಲ. ನೆರವು ಕಾಮಗಾರಿಯ ಅವಧಿಗೆ ಮಾತ್ರ ಇರಲಿ, ಅದು ಮುಗಿದ ಮೇಲೆ ಮೂರು ತಿಂಗಳಿಗೆ ನಿಲ್ಲಲಿ.

ವ್ಯಾಪಾರಿಗಳಿಗೂ ಒಂದು ಮಾತು. ಫುಟ್‌ಪಾತನ್ನು ಅಂಗಡಿಯ ಮುಂದುವರಿದ ಭಾಗವೆಂದು ತಿಳಿದು ಸರಕು ಹರಡಿ, ನೆಲಮಾಳಿಗೆಯ ಪಾರ್ಕಿಂಗನ್ನು ಗೋದಾಮು ಮಾಡಿಕೊಂಡು, ಬಿಲ್ ಕೊಡದೆ ವ್ಯಾಪಾರ ಮಾಡುವವರು ಪರಿಹಾರ ಕೇಳುವಾಗ ಲೆಕ್ಕ ತೋರಿಸಲಾರರು. ಗಿರಾಕಿ ಹಳೆ ಪೇಟೆಗೆ ಬರಲು ಹಿಂದೇಟು ಹಾಕುವುದಕ್ಕೆ ಇದೂ ಒಂದು ಕಾರಣ.

ಶರಣ ಬಂಧುಗಳೇ, ಈ ಪತ್ರಿಕೆಯಲ್ಲಿ ಇದನ್ನು ಬರೆಯಲು ಕಾರಣವಿದೆ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ವ್ಯಾಪಾರ ನಮ್ಮ ಸಮಾಜದ ಬಹಳಷ್ಟು ಮನೆಗಳ ಕಾಯಕ. ಅದೇ ಪೇಟೆಗಳಲ್ಲಿ ನಮ್ಮ ಅನೇಕ ಮಠಗಳಿಗೂ, ವಿದ್ಯಾಸಂಸ್ಥೆಗಳಿಗೂ, ಟ್ರಸ್ಟುಗಳಿಗೂ ಬಾಡಿಗೆಯ ಮಳಿಗೆಗಳಿವೆ. ಆ ಬಾಡಿಗೆಯಿಂದ ಪ್ರಸಾದ ನಿಲಯ ನಡೆಯುತ್ತದೆ, ಮಕ್ಕಳು ಓದುತ್ತಾರೆ ಎಂಬುದು ನನಗೆ ಗೊತ್ತು. ಆದರೂ ಕೇಳುತ್ತೇನೆ: ರಸ್ತೆ ಬಂದಾದ ತಿಂಗಳುಗಳಲ್ಲಿ ನಮ್ಮ ಸಂಸ್ಥೆಗಳು ಎಷ್ಟು ಮಳಿಗೆಗಳ ಬಾಡಿಗೆ ಇಳಿಸಿವೆ? ದಾಸೋಹವೆಂದರೆ ಊಟ ಬಡಿಸುವುದಷ್ಟೇ ಅಲ್ಲ. ದುಡಿಯುವವನ ಕಾಯಕ ನಿಲ್ಲದಂತೆ ನೋಡಿಕೊಳ್ಳುವುದೂ ದಾಸೋಹವೇ. ಸರ್ಕಾರಕ್ಕೆ ಹೇಳುವ ಮೊದಲು ಇದನ್ನು ನಾವು ಮಾಡಿ ತೋರಿಸಿದರೆ ನಮ್ಮ ಮಾತಿಗೆ ತೂಕ ಬರುತ್ತದೆ. ಮೂರರಲ್ಲಿ ಒಂದು ಭಾಗ ಬಾಡಿಗೆಯನ್ನು ಆರು ತಿಂಗಳು ಬಿಟ್ಟರೆ ಸಂಸ್ಥೆಗೆ ಆಗುವ ಕೊರತೆ ಎರಡು ತಿಂಗಳ ಬಾಡಿಗೆಯಷ್ಟು. ಅಂಗಡಿ ಖಾಲಿಯಾಗಿ ಬೀಗ ಬಿದ್ದರೆ ಆಗುವ ಕೊರತೆ ಅದಕ್ಕಿಂತ ಹೆಚ್ಚು.

ಪಾಲಿಕೆಯ ಸದಸ್ಯರು, ಶಾಸಕರು ಮಠಗಳಿಗೆ ಬರುತ್ತಾರೆ. ಪೂಜ್ಯರೂ ಭಕ್ತರೂ ಅವರ ಮುಂದೆ ಒಂದೇ ಪ್ರಶ್ನೆ ಇಡಲಿ: ಮುಂದಿನ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಅಂಗಡಿಕಾರನ ಹೆಸರಿಗೆ ಎಷ್ಟು ಹಣ ಇಟ್ಟಿದ್ದೀರಿ? ಟೆಂಡರ್ ಕರೆಯುವ ಮೊದಲೇ ಇದನ್ನು ಕೇಳಬೇಕು. ಕರೆದ ಮೇಲೆ ಕೇಳಿದರೆ, ನನ್ನಂಥ ಎಂಜಿನಿಯರುಗಳು ಕೊಡುವ ಉತ್ತರ ಒಂದೇ: ಒಪ್ಪಂದದಲ್ಲಿ ಅವಕಾಶವಿಲ್ಲ.